ಇಪ್ಪತ್ತು ನಿಮಿಷ ಅಲ್ಲಾಡಿಸಬಾರದು

ನಮ್ಮೂರಿನ ಆಸ್ಪತ್ರೆಗೆ ಒಂದು ಗ್ರಂಥಾಲಯವಿತ್ತು ಎಂದರೆ ನಮ್ಮೂರಿನವರೇ ನಂಬುವುದಿಲ್ಲ. ಚುಚ್ಚುಮದ್ದಿನ ಕೋಣೆಯಲ್ಲಿ, ಬ್ಲೀಚಿಂಗ್ ಪೌಡರಿನ ಡ್ರಮ್ಮಿನ ಪಕ್ಕ ನಿಂತಿದ್ದ ಹಸಿರು ಬಣ್ಣದ ಮರದ ಬೀರುವೇ ಅದು. ಒಳಗೆ ಡಾಕ್ಟ್ರು ತಾವು ಓದುವ ಕಾಲಕ್ಕೆ ಕೊಂಡಿದ್ದ ನಾಲ್ಕು ದಪ್ಪ ಪುಸ್ತಕಗಳು, ಔಷಧ ಕಂಪನಿಯವರು ಕೊಟ್ಟುಹೋದ ಡೈರಿಗಳು, ಯಾರೋ ರೋಗಿ ಮರೆತುಹೋದ ಒಂದು ಪತ್ತೇದಾರಿ ಕಾದಂಬರಿ. ಒಂದು ಮಳೆಗಾಲ ಕಳೆದು ಬೀರು ತೆಗೆದು ನೋಡಿದರೆ ಹ್ಯಾರಿಸನ್ನಿನ ವೈದ್ಯಗ್ರಂಥವನ್ನು ವರಲೆ ಓದಿತ್ತು. ಪೂರ್ತಿ ಅಲ್ಲ, ಮೂತ್ರಪಿಂಡದಲ್ಲಿ ಶುರುಮಾಡಿ ಪಿತ್ತಜನಕಾಂಗದವರೆಗೆ. "ಇನ್ನು ಕಿಡ್ನಿಯವರನ್ನೆಲ್ಲ ಶಿವಮೊಗ್ಗಕ್ಕೆ ಕಳಿಸೋದೇ ಸೈ, ನಮ್ಮಲ್ಲಿ ಆ ಅಧ್ಯಾಯ ಇಲ್ಲ" ಎಂದರಂತೆ ಡಾಕ್ಟ್ರು. ಕಾಂಪೌಂಡರಿಗೆ ಇದು ತಮಾಷೆಯೆಂದು ಹೊಳೆಯಲಿಲ್ಲ. ಮುಂದೆ ಎಷ್ಟೋ ದಿನ, ಸೊಂಟನೋವೆಂದು ಬಂದವರಿಗೂ ಅವರು ಬಸ್ ಸ್ಟ್ಯಾಂಡಿನ ದಾರಿ ತೋರಿಸುತ್ತಿದ್ದರು.

ಡಾಕ್ಟ್ರು ಬಯಲುಸೀಮೆಯವರು. ಎರಡು ವರ್ಷದ ಮಟ್ಟಿಗೆಂದು ಬಂದವರು. ಮೊದಲ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗಲಿಲ್ಲ. ಒಣಗಿದ ಮೇಲೆ ಕಟ್ಟಿಕೊಂಡು ಹೋದರಾಯಿತೆಂದು ಉಳಿದರು. ಹಾಗೇ ಮೂವತ್ತು ವರ್ಷವಾಯಿತು. 'ಮಾರಾಯ' ಎನ್ನುವುದನ್ನು ಎರಡನೆಯ ವರ್ಷಕ್ಕೆ ಕಲಿತರು, ಪತ್ರೊಡೆ ತಿನ್ನುವುದನ್ನು ಮೂರನೆಯ ವರ್ಷಕ್ಕೆ. ಕಲಿಯದೇ ಹೋದದ್ದು ಒಂದೇ, ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಹೇಳುವುದು. ರೋಗಿಯ ಎದುರಿಗೇ "ಇದು ಎಂತದು ಅಂತ ನಂಗೆ ಗೊತ್ತಾಗ್ಲಿಲ್ಲ, ನೋಡಿ ಹೇಳ್ತೀನಿ" ಎಂದುಬಿಡುತ್ತಿದ್ದರು. ನಾಡಿ ಹಿಡಿದ ಕೂಡಲೇ ಏಳು ಜನ್ಮದ ಪಿತ್ತವನ್ನು ಬಿಡಿಸಿಡುವ ಪಂಡಿತರು ಪೇಟೆಯಲ್ಲೇ ಇರುವಾಗ, ನೋಡಿ ಹೇಳುತ್ತೇನೆನ್ನುವ ಡಾಕ್ಟರನ್ನು ಹೇಗೆ ನಂಬುವುದೆಂದು ಊರವರ ಚಿಂತೆ. ಎಲ್ಲಿ ನೋಡುವುದೆಂದು ಡಾಕ್ಟ್ರ ಚಿಂತೆ.

ಆಗ ವೈದ್ಯರ ಲೋಕದಲ್ಲಿ ಒಂದು ಚಂದದ ಪದ್ಧತಿ ಇತ್ತು. ವೈದ್ಯಪತ್ರಿಕೆಯಲ್ಲಿ ಲೇಖನ ಬಂದರೆ ಬರೆದವರ ಹತ್ತಿರ ಅದರ ಬಿಡಿಪ್ರತಿಗಳಿರುತ್ತಿದ್ದವು. ಬೇಕಾದವರು ಒಂದು ಕಾರ್ಡು ಗೀಚಿ ಹಾಕಿದರೆ ಅಂಚೆಯಲ್ಲಿ ಕಳಿಸಿಕೊಡುತ್ತಿದ್ದರು, ಕಾಸು ಕೇಳುತ್ತಿರಲಿಲ್ಲ. ಡಾಕ್ಟ್ರು ಯಾವುದಾದರೂ ನೆಪದಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋದರೆ ಅಲ್ಲಿನ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಹಗಲು ಕಳೆದು ಬರುತ್ತಿದ್ದರು. 1879ರಲ್ಲಿ ಶುರುವಾದ 'ಇಂಡೆಕ್ಸ್ ಮೆಡಿಕಸ್' ಎಂಬ ಸೂಚಿ ಅಲ್ಲಿತ್ತಂತೆ. ಒಂದೊಂದು ಸಂಪುಟ ಎತ್ತಲು ಇಬ್ಬರು ಬೇಕು ಎನ್ನುತ್ತಿದ್ದರು. ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು, ಅವರು ಸಣಕಲು ಮನುಷ್ಯ. 'ಕರೆಂಟ್ ಕಂಟೆಂಟ್ಸ್' ಎಂಬ ವಾರಪತ್ರಿಕೆಯಿಂದ ವಿಳಾಸ ಗುರುತು ಹಾಕಿಕೊಂಡು ಬಂದು ಕಾರ್ಡು ಬರೆಯಲು ಕೂರುತ್ತಿದ್ದರು. ಆಸ್ಪತ್ರೆಯ ಎದುರು ಮನೆಯವನಾದ ನಾನು ಅದನ್ನು ಅಂಚೆಡಬ್ಬಿಗೆ ಹಾಕಬೇಕು. ಅದಕ್ಕೆ ಸಂಬಳ, ಮುಂದೆ ಬರುವ ಲಕೋಟೆಯ ಅಂಚೆಚೀಟಿ.

ಲಕೋಟೆ ಬರುತ್ತಿದ್ದುದು ನಾಲ್ಕೈದು ತಿಂಗಳಿಗೆ. ಅಷ್ಟರಲ್ಲಿ ರೋಗಿ ಗುಣವಾಗಿ, ಅಡಿಕೆ ಸುಲಿತ ಮುಗಿಸಿ, ಮಗಳ ಮದುವೆಗೆ ಡಾಕ್ಟ್ರನ್ನೇ ಕರೆದು ಊಟ ಹಾಕಿ ಕಳಿಸಿರುತ್ತಿದ್ದ. ಸ್ವೀಡನ್ನಿನಿಂದ ಬಂದ ಕಾಗದವನ್ನು ಡಾಕ್ಟ್ರು ಆಗ ಓದಿ, "ಹೋ, ಇದಾ" ಎಂದು ತಮಗೆ ತಾವೇ ತಲೆಯಾಡಿಸುತ್ತಿದ್ದರು. ಗುಣವಾಗದವರ ಲಕೋಟೆಗಳೂ ಬರುತ್ತಿದ್ದವು. ಅವನ್ನು ಒಡೆಯದೆ ಎರಡು ದಿನ ಮೇಜಿನ ಮೇಲಿಟ್ಟಿರುತ್ತಿದ್ದರು. ಅಂಚೆಚೀಟಿಗೆ ಕಾದು ನಿಂತ ನನಗೆ ಅದು ಆಗ ಬರೀ ಸೋಮಾರಿತನವಾಗಿ ಕಾಣುತ್ತಿತ್ತು.

ನಾನು ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಮನೆಯ ಮುಂದಿನ ಕೋಣೆಯಲ್ಲೇ ಎಸ್‌ಟಿಡಿ ಬೂತ್ ಹಾಕಿದೆ. 2000ದ ಸುಮಾರಿಗೆ ಸೊಸೈಟಿ ಸಾಲದಲ್ಲಿ ಒಂದು ಕಂಪ್ಯೂಟರ್ ಬಂತು. ಜಾತಕ ಮುದ್ರಿಸುವುದಕ್ಕೆಂದು ತಂದದ್ದು. ಅದಕ್ಕೆ ಇಂಟರ್ನೆಟ್ಟೂ ಬರುತ್ತದಂತೆ ಎಂಬ ಸುದ್ದಿ ರಸ್ತೆ ದಾಟಿ ಆಸ್ಪತ್ರೆಗೆ ಹೋಯಿತು. ಆವತ್ತು ರಾತ್ರಿ ಒಂಬತ್ತೂವರೆಗೆ ಡಾಕ್ಟ್ರು ಲುಂಗಿಯಲ್ಲೇ ಬಂದರು, ಕುತ್ತಿಗೆಯಲ್ಲಿ ಮರೆತ ಸ್ಟೆತಾಸ್ಕೋಪು.

ಮೋಡೆಮ್ಮಿನ ಆ ಕೂಗು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಮೊದಲು ಕಪ್ಪೆ, ಆಮೇಲೆ ಕಬ್ಬಿಣ ಉಜ್ಜಿದ ಹಾಗೆ, ಕೊನೆಗೆ ಬಿಸಿ ಕಾವಲಿಗೆ ನೀರು ಬಿದ್ದ ಹಾಗೆ. ಡಾಕ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಅದರ ಆರೋಗ್ಯವನ್ನು ಕೂಗಿನಲ್ಲೇ ಹೇಳುವಷ್ಟು ಪಳಗಿದರು. "ಇವತ್ತು ಕಫ ಇದೆ ಮಾರಾಯ, ಸಿಗೋದಿಲ್ಲ" ಎಂದರೆ ಸಿಗುತ್ತಿರಲಿಲ್ಲ. "ಉಸಿರಾಟ ಹಗುರ ಆಯ್ತು ನೋಡು" ಎಂದರೆ ಪರದೆಯ ಮೇಲೆ ನಿಧಾನಕ್ಕೆ, ಮೇಲಿನಿಂದ ಕೆಳಕ್ಕೆ, ಸೀರೆ ಬಿಚ್ಚಿ ಹರವಿದ ಹಾಗೆ 'ಪಬ್‌ಮೆಡ್' ಇಳಿಯುತ್ತಿತ್ತು. ಇಬ್ಬರು ಎತ್ತಬೇಕಾದ ಆ ಸೂಚಿಯ ವಂಶದ್ದೇ ಇದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರು 1997ರಲ್ಲಿ ಲೋಕಕ್ಕೆಲ್ಲ ಬಿಟ್ಟಿಯಾಗಿ ತೆರೆದಿಟ್ಟದ್ದು.

ಡಾಕ್ಟ್ರು ಒಂದೇ ಬೆರಳಿನಲ್ಲಿ ಮೊದಲು ಕುಟ್ಟಿದ್ದು ಕ್ಯಾಸನೂರಿನ ಹೆಸರು. ನಮ್ಮ ಕಡೆ ಬಸ್ಸಿನ ಬೋರ್ಡಿನಲ್ಲಿ ಕಂಡು ಮರೆಯುವ ಊರು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಉದುರತೊಡಗಿ, ಹಿಂದೆಯೇ ಜನರೂ ಜ್ವರದಲ್ಲಿ ಮಲಗಿದಾಗ, ಹಳದಿ ಜ್ವರವೇ ಏಷ್ಯಕ್ಕೆ ಕಾಲಿಟ್ಟಿತೇನೋ ಎಂದು ದೊಡ್ಡದೊಡ್ಡವರು ಗಾಬರಿಯಾಗಿದ್ದರಂತೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ರಷ್ಯದ ಕಾಡುಗಳ ಒಂದು ವೈರಸ್ಸಿನ ದಾಯಾದಿ, ಹಬ್ಬುವುದು ಉಣುಗಿನಿಂದ. ದರಗು ಗುಡಿಸಲು ಕಾಡಿಗೆ ಹೋಗುವ ನಮ್ಮ ಹೆಂಗಸರಿಗೆ ಆಸ್ಪತ್ರೆಯಿಂದ ಮೈಗೆ ಹಚ್ಚಲು ಡಿಎಂಪಿ ಎಣ್ಣೆ ಕೊಡುತ್ತಿದ್ದುದು, ಅದರ ವಾಸನೆಗೆ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ಅವರು ಅದನ್ನು ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದುದು ಎಲ್ಲ ಈ ಕಾಯಿಲೆಯ ದೆಸೆಯಿಂದ.

ನಮ್ಮ ಕಾಡಿನ ಹೆಸರು ಪರದೆಯ ಮೇಲೆ ಸಾಲು ಸಾಲಾಗಿ ಇಳಿಯಿತು. ಡಾಕ್ಟ್ರ ಮುಖ ನೋಡಬೇಕಿತ್ತು, ಪರವೂರ ಜಾತ್ರೆಯಲ್ಲಿ ನೆಂಟರು ಸಿಕ್ಕಿದ ಹಾಗೆ. ಒಂದನ್ನು ಒತ್ತಿದರು. ಸಾರಾಂಶ ಬಂತು. ಲೇಖನ ಎಂದಿದ್ದಲ್ಲಿ ಒತ್ತಿದರು. 30 ಡಾಲರು ಎಂದು ಬಂತು. ಆಗಿನ ಲೆಕ್ಕದಲ್ಲಿ ಸಾವಿರದ ನಾನೂರು ರೂಪಾಯಿ ದಾಟುತ್ತದೆ. ಕೊಡುತ್ತೇವೆಂದರೂ ಕೊಡಲು ಬೇಕಾದ ಕಾರ್ಡು ನಮ್ಮ ಪೇಟೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಡಾಕ್ಟ್ರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸಿಕೊಂಡರು. "ಮಂಗ ನಮ್ದು. ಉಣುಗು ನಮ್ದು. ಜ್ವರ ಬಂದಿದ್ದು ನಮ್ಮೋರಿಗೆ. ಓದೋಕೆ ಮಾತ್ರ ಮೂವತ್ತು ಡಾಲರು ನೋಡು ಮಾರಾಯ."

ಆಮೇಲಾಮೇಲೆ ಅವರು ಸಾರಾಂಶ ಓದಿ ಲೇಖನವನ್ನು ಊಹಿಸುವುದು ಕಲಿತರು, ಚಪ್ಪರದ ಹೊರಗೆ ನಿಂತು ಒಗ್ಗರಣೆಯ ವಾಸನೆಯಲ್ಲೇ ಒಳಗಿನ ಅಡುಗೆ ಪಟ್ಟಿ ಹೇಳುವವರ ಹಾಗೆ. ಕೆಲವು ಸಲ ಸರಿಯಾಗುತ್ತಿತ್ತು.

2002ರ ಮೊದಲಿಗೆ ಒಂದು ದೊಡ್ಡ ಸುದ್ದಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯವರು ಆರು ದೊಡ್ಡ ಪ್ರಕಾಶಕರನ್ನು ಒಪ್ಪಿಸಿ, ಸುಮಾರು 1500 ವೈದ್ಯಪತ್ರಿಕೆಗಳನ್ನು ಬಡ ದೇಶಗಳಿಗೆ ಬಿಟ್ಟಿಯಾಗಿ ಇಂಟರ್ನೆಟ್ಟಿನಲ್ಲಿ ಕೊಡುತ್ತಾರಂತೆ. ಆ ಯೋಜನೆಯ ಹೆಸರು 'ಹಿನಾರಿ'. ಡಾಕ್ಟ್ರು ಅದರ ಜಪದಲ್ಲೇ ಒಂದು ವಾರ ಕಳೆದರು. ಸಿಸ್ಟರಿಗೆ ಹೇಳಿದರು, ನನಗೆ ಹೇಳಿದರು, ಬ್ಲಡ್ ಪ್ರೆಷರ್ ತೋರಿಸಲು ಬಂದ ಶ್ಯಾನುಭೋಗರಿಗೂ ಹೇಳಿದರು. ಕಾಂಪೌಂಡರು ಒಂದು ಸಂಜೆ ಬೂತಿಗೆ ಬಂದು, ಯಾರಿಗೂ ಕೇಳಿಸದ ಹಾಗೆ, "ಅಲ್ಲ, ಅದು ಯಾವೂರ ನಾರಿ? ಡಾಕ್ಟ್ರು ಬಂದ್ಲೋ ಬಂದ್ಲೋ ಅಂತಿದಾರೆ. ಮನೇಲಿ ಅಮ್ಮಾವ್ರಿಗೆ ಗೊತ್ತಾ?" ಎಂದು ವಿಚಾರಿಸಿದರು.

ನಾರಿ ಬರಲಿಲ್ಲ. ದೇಶಗಳ ಪಟ್ಟಿ ತೆಗೆದು ನೋಡಿದರೆ ನಮ್ಮದಿಲ್ಲ. ತಲಾ ಆದಾಯದಲ್ಲಿ ನಾವು ಆ ಸಾಲಿಗೆ ಧಾರಾಳವಾಗಿ ಸಲ್ಲುವವರೇ. ಆದರೆ ದುಡ್ಡು ಕೊಟ್ಟು ಪತ್ರಿಕೆ ತರಿಸುವ ದೊಡ್ಡ ಸಂಸ್ಥೆಗಳು ನಮ್ಮಲ್ಲಿ ಇದ್ದುವಲ್ಲ, ಆ ವ್ಯಾಪಾರವನ್ನು ಪ್ರಕಾಶಕರು ಬಿಡಲಿಲ್ಲ. ಡಾಕ್ಟ್ರು ಪಟ್ಟಿಯನ್ನು ಎರಡೆರಡು ಸಲ ಮೇಲೆ ಕೆಳಗೆ ಮಾಡಿ, "ನಮಗೆ ಎಪಿಎಲ್ ಕಾರ್ಡು ಬಂದಿದೆ" ಎಂದರು. ಮನೆ ಸೋರುತ್ತಿದೆ, ಒಲೆಗೆ ಬೆಂಕಿಯಿಲ್ಲ. ತನಿಖೆಗೆ ಬಂದವನಿಗೆ ಅಂಗಳದಲ್ಲಿ ಒಂದು ಅಂಬಾಸಿಡರ್ ಕಂಡಿತು. ಅದು ನೆಂಟರದ್ದು ಎಂದರೆ ಕೇಳುವವರು ಯಾರು?

ಇಸ್ರೋದವರು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ಆಸ್ಪತ್ರೆಯನ್ನೂ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯದ ಆಸ್ಪತ್ರೆಗೆ ಜೋಡಿಸಿದ್ದೂ ಅದೇ ವರ್ಷ. "ನಮಗೂ ಒಂದು ಕೇಳ್ಬಹುದಲ್ವಾ?" ಎಂದೆ. ಡಾಕ್ಟ್ರು ಕಿಟಕಿಯ ಆಚೆ ನೋಡಿದರು. ಹಲಸು, ಹಲಸಿನ ಮೇಲೆ ಮೆಣಸಿನ ಬಳ್ಳಿ, ಅದರಾಚೆ ಮಾವು, ಅದರ ಮೇಲೆ ಮೋಡ. "ಉಪಗ್ರಹಕ್ಕೆ ತೋರಿಸೋಕೆ ಆಕಾಶ ಎಲ್ಲಿದೆ ಮಾರಾಯ ನಮ್ಮ ಹತ್ರ?" ಮರುವರ್ಷ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದವರು ತಮ್ಮ ಕಾಲೇಜುಗಳಿಗೆಲ್ಲ 'ಹೆಲಿನೆಟ್' ಎಂದು ಪತ್ರಿಕೆಗಳ ಜಾಲವೊಂದನ್ನು ಹಾಕಿಕೊಟ್ಟರು. ಕಾಲೇಜಿನಲ್ಲಿದ್ದ ಡಾಕ್ಟ್ರ ಅಕ್ಕನ ಮಗ ದಸರಾ ರಜೆಗೆ ಬರುವಾಗ ಸೀಡಿಯಲ್ಲಿ ಲೇಖನ ತುಂಬಿಕೊಂಡು ಬರುತ್ತಿದ್ದ. ಮಾವನಿಗೆ ಬೇರೆಯವರು ಧಾರವಾಡದ ಪೇಡೆ ತರುವುದಿಲ್ಲವೇ, ಹಾಗೆ.

ಬಿಟ್ಟಿ ಸಿಕ್ಕಿದ್ದೇ ಇಲ್ಲ ಎಂದರೆ ಪಾಪ ಬಂದೀತು. ಆಗ್ನೇಯ ಏಷ್ಯದ ಹಾವುಕಡಿತದ ಚಿಕಿತ್ಸೆಗೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಒಂದು ಮಾರ್ಗದರ್ಶಿ ತಂದಿತ್ತು. ಒಂದು ರಾತ್ರಿ ಅದು ನಮ್ಮ ಬೂತಿನಲ್ಲಿ ಇಳಿಯಲು ಶುರುವಾಗಿ, ಮೂರು ಸಲ ಲೈನು ಕಡಿದು, ಮೂರನೆಯ ರಾತ್ರಿಗೆ ಪೂರ್ತಿಯಾಯಿತು. ಮುಖ್ಯವಾದ ಪುಟಗಳನ್ನು ನನ್ನ ಜಾತಕದ ಪ್ರಿಂಟರಿನಲ್ಲೇ ಕೊರೆದು ಕೊಟ್ಟೆ. ಡಾಕ್ಟ್ರು ಒಂದು ಪುಟವನ್ನು ಗಾಯದ ಪ್ಲಾಸ್ಟರ್ ಹಚ್ಚಿ ಗೋಡೆಗೆ ಅಂಟಿಸಿದರು. ಪರೀಕ್ಷೆ ಎಷ್ಟು ಸರಳವೆಂದರೆ ನಾನೇ ಮಾಡಬಹುದೇನೋ: ಕಡಿಸಿಕೊಂಡವರ ರಕ್ತ ಎರಡು ಎಂಎಲ್ ತೆಗೆದು, ಒಣಗಿದ ಹೊಸ ಗಾಜಿನ ನಳಿಗೆಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ.

ಜಗಳ ಹತ್ತಿದ್ದು ನಳಿಗೆಯ ವಿಷಯಕ್ಕೆ. ಸೋಪಿನಲ್ಲಿ ತೊಳೆದ ನಳಿಗೆಯಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೇ ಇರಬಹುದು, ಆದ್ದರಿಂದ ಸೋಪು ಕೂಡದು ಎಂದು ಆ ಪುಟ ಹೇಳುತ್ತಿತ್ತು. ಕಾಂಪೌಂಡರ ಜೀವನವೇ ಸೋಪು. ಆಸ್ಪತ್ರೆಯ ಗಾಜಿನ ಸಾಮಾನು ಅವರ ಕೈಯಲ್ಲಿ ಮದುವೆಮನೆಯ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. "ಸೋಪು ಹಾಕ್ದೇ ಅಂದ್ರೆ ಎಂತದು ಡಾಕ್ಟ್ರೇ? ನಾನೇನು ಹೋಟ್ಲು ಲೋಟ ಅದ್ದೋನಾ?" ಎಂದು ಎರಡು ದಿನ ಮಾತು ಬಿಟ್ಟರು. ಔಷಧದ ಚೀಟಿಯನ್ನು ಮಾತ್ರ ಕೈಯಿಂದ ಕೈಗೆ ಮೌನವಾಗಿ ದಾಟಿಸುತ್ತಿದ್ದರು.

ಮೂರನೆಯ ಸಂಜೆ, ಗುಡುಗಿನ ನಡುವೆ, ಜೀಪಿನಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕಚ್ಚಿದೆ. ಯಾವ ಹಾವೆಂದರೆ ಬಂದ ಐವರು ಐದು ಹೇಳಿದರು. ಒಬ್ಬನಿಗದು ಕಪ್ಪು, ಒಬ್ಬನಿಗೆ ಕೆಂಪು; ಒಬ್ಬನಿಗೆ ಮೊಳ, ಇನ್ನೊಬ್ಬನಿಗೆ ಮಾರು; ಐದನೆಯವನು ಅದಕ್ಕೆ ಹೆಡೆ ಇತ್ತು, ಆದರೆ ತೆಗೆದಿರಲಿಲ್ಲ ಎಂದ. ಫ್ರಿಜ್ಜಿನಲ್ಲಿ ವಿಷದ ಇಂಜೆಕ್ಷನ್ನಿನ ಹತ್ತೇ ಸೀಸೆ. ಅದೂ ಕುದುರೆಯ ರಕ್ತದಿಂದ ತಯಾರಾದದ್ದು. ಕೆಲವರ ಮೈಗೆ ಒಗ್ಗದೆ ಅದೇ ಅಪಾಯ ತರಬಹುದು, ಸುಮ್ಮನೆ ಕೊಡುವ ಹಾಗಿಲ್ಲ. ಕರೆಂಟು ಹೋಗಿತ್ತು. ನನ್ನ ಕೈಗೆ ಟಾರ್ಚು ಕೊಟ್ಟರು.

"ಹೋಲಿಸಿ ನೋಡೋಕೆ ಸರಿ ಇರೋರ ರಕ್ತ ಒಂದು ಬೇಕಿತ್ತು" ಎಂದು ಡಾಕ್ಟ್ರು ತಮ್ಮಷ್ಟಕ್ಕೆ ಅಂದುಕೊಂಡರು. ಮಾತು ಬಿಟ್ಟಿದ್ದ ಕಾಂಪೌಂಡರು ಮಾತಾಡದೆಯೇ ಅಂಗಿಯ ತೋಳು ಮಡಚಿ ನಿಂತರು.

ಎರಡು ನಳಿಗೆ ಅಕ್ಕಪಕ್ಕ. ಗೋಡೆ ಗಡಿಯಾರದ ಮೇಲೆ ನನ್ನ ಟಾರ್ಚು. ಹೊರಗೆ ಹೆಂಚಿನ ಮೇಲೆ ಮಳೆ. ನನ್ನ ಜೀವನದಲ್ಲಿ ಎಷ್ಟೋ ಗಂಟೆಗಳನ್ನು ಲೆಕ್ಕವಿಲ್ಲದೆ ಕಳೆದಿದ್ದೇನೆ, ಆ 20 ನಿಮಿಷದ ಒಂದೊಂದು ನಿಮಿಷವೂ ಇವತ್ತಿಗೂ ಬೇರೆಬೇರೆಯಾಗಿ ನೆನಪಿದೆ. ಹೆಂಗಸಿನ ಗಂಡ ಕಂಬಳಿ ಕೊಪ್ಪೆಯಲ್ಲೇ ಬಾಗಿಲಿಗೆ ಒರಗಿ ನಿಂತು, ಅದೇನು ಪೂಜೆಯೋ ಎಂದುಕೊಂಡು ನಳಿಗೆಗಳಿಗೆ ಕೈಮುಗಿದಿದ್ದ. ಡಾಕ್ಟ್ರು ಹೊತ್ತಿಗೆ ಸರಿಯಾಗಿ ಬಾಗಿಸಿದರು. ಕಾಂಪೌಂಡರದ್ದು ಗಟ್ಟಿ ಮೊಸರು. ಅವಳದ್ದು ಕುಂಕುಮದ ನೀರಿನ ಹಾಗೆ ಹರಿಯಿತು.

ಸೀಸೆಗಳು ಹೋದವು. ಆರು ಗಂಟೆ ಬಿಟ್ಟು ಮತ್ತೆ ನೋಡಬೇಕು ಎಂದು ಪುಟ ಹೇಳಿತ್ತು, ನೋಡಿದರು. ಬೆಳಗಿನ ಜಾವ ಕೋಳಿ ಕೂಗುವ ಹೊತ್ತಿಗೆ ಅವಳ ರಕ್ತವೂ ನಿಂತಿತು. ಡಾಕ್ಟ್ರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಎಲ್ಲೋ ಕೂತು ಯಾರೋ ಬರೆದ್ರಲ್ಲ ಮಾರಾಯ" ಎಂದರು, ಅಷ್ಟೆ.

ತಿಂಗಳು ಕಳೆದು ಆ ಹೆಂಗಸು ನೂರು ಹಲಸಿನ ಹಪ್ಪಳ ಕಟ್ಟಿಕೊಂಡು ಬಂದಳು. ಡಾಕ್ಟ್ರಿಗಲ್ಲ, ಕಾಂಪೌಂಡರಿಗೆ. "ನಿಮ್ಮ ರಕ್ತ ಕೊಟ್ಟು ಬದುಕ್ಸಿದ್ರಿ ಅಯ್ಯಾ." ಅವರ ರಕ್ತ ಎರಡು ಎಂಎಲ್ ನಳಿಗೆಗೆ ಹೋಗಿ ಅಲ್ಲಿಂದ ಹಿತ್ತಲ ಗುಂಡಿಗೆ ಹೋಗಿತ್ತು. ಕಾಂಪೌಂಡರು ಡಾಕ್ಟ್ರ ಮುಖ ನೋಡಿದರು. ಡಾಕ್ಟ್ರು ಸೀಲಿಂಗ್ ಫ್ಯಾನು ನೋಡಿದರು. ಅಲ್ಲಿಂದ ಮುಂದೆ ಪ್ರತಿ ಬೇಸಗೆಗೂ ಹಪ್ಪಳ ಬರುತ್ತಿತ್ತು, ಕಾಂಪೌಂಡರು ತೀರಿಕೊಂಡ ವರ್ಷದವರೆಗೂ. ಆ ವರ್ಷವೂ ಬಂದಿತ್ತು ಅನ್ನಿ. ಕಟ್ಟು ಹಿಡಿದುಕೊಂಡು ಬಂದವಳಿಗೆ ಸುದ್ದಿ ಗೊತ್ತಿರಲಿಲ್ಲ.

ಬೀಗ ಹಾಕಿದ ಲೇಖನಗಳಿಗೆ ಡಾಕ್ಟ್ರು ಕೊನೆಗೆ ಹಳೆಯ ದಾರಿಯನ್ನೇ ಹಿಡಿದರು. ಅಂಚೆ ಕಾರ್ಡಿನ ಬದಲು ಇಮೇಲ್, ನನ್ನ ವಿಳಾಸದಿಂದ. ಕೇಳಿದರೆ ಬರೆದವರು ಕಳಿಸುತ್ತಾರೆ. ಆ ಜಾತಿ ಇನ್ನೂ ನಶಿಸಿಲ್ಲ. ಮೊದಲ ಉತ್ತರ ಒಂದೇ ದಿನಕ್ಕೆ ಬಂತು, 'ಪ್ರೀತಿಯ ಪ್ರೊಫೆಸರ್' ಎಂಬ ಸಂಬೋಧನೆಯೊಂದಿಗೆ. ಡಾಕ್ಟ್ರಿಗೆ ಮುಜುಗರವಾಯಿತು. ನಾನು ಪ್ರೊಫೆಸರನಲ್ಲ, ಬರೀ ಎಂಬಿಬಿಎಸ್, ಮೆಡಿಕಲ್ ಆಫೀಸರ್ ಎಂದು ವಿವರವಾಗಿ ಬರೆಸಿದರು. ಮರುದಿನ ಉತ್ತರ: ಪ್ರೀತಿಯ ಪ್ರೊಫೆಸರ್, ತಿಳಿಸಿದ್ದಕ್ಕೆ ವಂದನೆ. ನಾನು ಅದನ್ನು ಕಾಂಪೌಂಡರಿಗೆ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಒಪಿಡಿಯ ಸಾಲಿನಲ್ಲಿ ನಿಂತವರಿಗೆಲ್ಲ "ಪ್ರೊಫೆಸರ್ರು ಊಟಕ್ಕೆ ಹೋಗಿದಾರೆ" ಎಂದೇ ಉತ್ತರ.

2007ರಲ್ಲಿ ಐಸಿಎಂಆರ್‌ನವರು ದುಡ್ಡು ಕಟ್ಟಿ 'ಕಾಕ್ರೇನ್ ಲೈಬ್ರರಿ'ಯನ್ನು ಇಡೀ ದೇಶಕ್ಕೆ ತೆರೆಸಿದರು. ಕಾಲೇಜು ಬೇಡ, ಪಾಸ್‌ವರ್ಡ್ ಬೇಡ, ಭಾರತದಲ್ಲಿದ್ದರೆ ಸಾಕು. ಒಂದೊಂದು ಚಿಕಿತ್ಸೆಯ ಬಗ್ಗೆ ಲೋಕದಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು ಹೇಳುವ ಭಂಡಾರ. ಡಾಕ್ಟ್ರು ಹಸಿದವರ ಹಾಗೆ ಓದಿದರು. ವಾರ ಕಳೆದ ಮೇಲೆ ಸ್ವಲ್ಪ ಪೆಚ್ಚಾಗಿ ಕಂಡರು. "ಎಲ್ಲಾದ್ರ ಕೊನೇಲೂ ಒಂದೇ ಬರೀತಾರೆ, ಈ ಬಗ್ಗೆ ಇನ್ನೂ ಸಂಶೋಧನೆ ಆಗ್ಬೇಕು ಅಂತ. ಅದು ನಂಗೆ ಮೂವತ್ತು ವರ್ಷದಿಂದ ಗೊತ್ತಿತ್ತು." ಆದರೂ ಆ ಮಾತಿನಲ್ಲಿ ಅವರಿಗೊಂದು ಸಮಾಧಾನ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ನೋಡಿ ಹೇಳುತ್ತೇನೆ ಎನ್ನುವವರು ಇಷ್ಟು ಜನ ಇದ್ದಾರೆಂದು ಆ ಕಾಡಿನ ಮಧ್ಯೆ ಅವರಿಗೆ ಯಾರು ಹೇಳಬೇಕಿತ್ತು?

ಆ ಭಂಡಾರಕ್ಕೆ ಹೆಸರು ಕೊಟ್ಟ ಆರ್ಚಿ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1941ರಲ್ಲಿ ಗ್ರೀಸಿನ ಸಲೋನಿಕದಲ್ಲಿ ಜರ್ಮನರ ಯುದ್ಧಕೈದಿ. ಜೊತೆಯ ಕೈದಿಗಳ ಕಾಲು ಊದಿಕೊಳ್ಳುತ್ತಿದೆ; ಔಷಧವಿಲ್ಲ, ಪುಸ್ತಕವಿಲ್ಲ. ಇಪ್ಪತ್ತು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಯೀಸ್ಟ್, ಇನ್ನೊಂದಕ್ಕೆ ಸಿ ವಿಟಮಿನ್ ಕೊಟ್ಟು ನೋಡಿದನಂತೆ. ಯೀಸ್ಟಿನವರ ಊತ ಇಳಿಯಿತು. ಡಾಕ್ಟ್ರು ಈ ಕಥೆ ಓದಿ ಮೇಜು ತಟ್ಟಿದರು. "ಇವನೂ ನಮ್ ಥರ ತಾಲ್ಲೂಕು ಆಸ್ಪತ್ರೆಯವನೇ ಮಾರಾಯ!"

ಡಾಕ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಬಟ್ಟೆ ಈಗಲೂ ಒಣಗಿಲ್ಲವೆಂದು ಇಲ್ಲೇ ಇದ್ದಾರೆ. ನನ್ನ ಬೂತಿನ ಹಳದಿ ಬೋರ್ಡು ಕೋಳಿಗೂಡಿನ ಬಾಗಿಲಾಗಿದೆ. 2025ರಿಂದ 'ಒಂದು ದೇಶ ಒಂದು ಚಂದಾ' ಬಂದಿದೆ: 30 ಪ್ರಕಾಶಕರು, ಸುಮಾರು 13,000 ಪತ್ರಿಕೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 6,300 ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ ಅದರ ಬಾಗಿಲು ತೆರೆದಿದೆ. ನಾನು ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೇಳಿದೆ. ಡಾಕ್ಟ್ರಿಗೆ ಪೊರೆ ಬಂದು ಸಣ್ಣಕ್ಷರ ಕಾಣುವುದಿಲ್ಲ. ವಿದ್ಯೆಯೂ ಸಂಶೋಧನೆಯೂ ಎಂದು ಬರೆದುಕೊಳ್ಳದ ನಮ್ಮ ಆಸ್ಪತ್ರೆ ಆ ಎಣಿಕೆಯಲ್ಲಿ ಎಲ್ಲಿಗೆ ಬರುತ್ತದೆಂದು ಅವರು ಕೇಳಲಿಲ್ಲ. "ಒಳ್ಳೇದಾಯ್ತು" ಎಂದು ಪೂರ್ತಿ ಮನಸ್ಸಿನಿಂದ ಹೇಳಿದರು.

ಆಸ್ಪತ್ರೆಗೀಗ ಒಬ್ಬ ಹುಡುಗಿ ಡಾಕ್ಟ್ರಾಗಿ ಬಂದಿದ್ದಾಳೆ, ಎರಡು ವರ್ಷದ ಮಟ್ಟಿಗೆ. ಹತ್ತಿರದ ಟವರಿನ ಸಿಗ್ನಲ್ಲು ಆಸ್ಪತ್ರೆಯೊಳಗೆ ಬರುವುದಿಲ್ಲ, ಹಿಂದಿನ ದಿಬ್ಬದ ಮೇಲೆ ಕಾಡುಹಲಸಿನ ಬುಡದಲ್ಲಿ ಬರುತ್ತದೆ. ಊರಿನ ಹುಡುಗರು ಕೋವಿಡ್ ಕಾಲದಲ್ಲಿ ಅಲ್ಲೇ ಕಂಬಳಿ ಹಾಸಿಕೊಂಡು ಪಾಠ ಕೇಳಿದ್ದು. ಮೊನ್ನೆ ಶ್ರಾವಣದ ಒಂದು ಸಂಜೆ ಆ ಹುಡುಗಿ ಅಲ್ಲಿ ನಿಂತಿದ್ದಳು. ವಾರ್ಡಿನಲ್ಲಿ ಯಾವುದೋ ಗೊತ್ತಾಗದ ಜ್ವರ. ಫೋನಿನಲ್ಲಿ ಯಾವುದೋ ಲೇಖನ ಇಳಿಯುತ್ತಿದೆ, ಅರ್ಧಕ್ಕೆ ನಿಂತಿದೆ. ಸಂಜೆಯ ತಿರುಗಾಟಕ್ಕೆ ಹೋದ ಡಾಕ್ಟ್ರು ತಮ್ಮ ಕೊಡೆಯನ್ನು ಅವಳ ತಲೆಗೂ ಹಿಡಿಯದೆ, ತಮ್ಮ ತಲೆಗೂ ಹಿಡಿಯದೆ, ಫೋನಿಗೆ ಹಿಡಿದಿದ್ದರು. ಹುಡುಗಿ ತಡೆಯಲಾರದೆ ಫೋನನ್ನು ಮೇಲೆತ್ತಿ ಕುಲುಕಿದಳು.

"ಅಲ್ಲಾಡಿಸ್ಬೇಡಮ್ಮಾ" ಎಂದರು ಡಾಕ್ಟ್ರು, ಕಾಣದ ಕಣ್ಣಿಗೆ ಕೈಗಡಿಯಾರವನ್ನು ಹತ್ತಿರ ತಂದುಕೊಂಡು. "ಇನ್ನೂ ಹನ್ನೆರಡೇ ನಿಮಿಷ ಆಗಿದೆ."